ಎರರ್ ಬಾಯಿ ಮುಚ್ಚಿಸಬೇಡಿ, ಆಯಸ್ಸು ಸರಿಪಡಿಸಿ

ಮಾನ್ಯ ಸಂಪಾದಕರೇ,

ಅರ್ಜಿ ಸಲ್ಲಿಸುವ ಕಡೆಯ ದಿನ ಜಾಲತಾಣ ಕೈಕೊಟ್ಟರೆ ಎಲ್ಲರೂ ‘ಸರ್ವರ್ ಡೌನ್’ ಎನ್ನುತ್ತಾರೆ. ಆದರೆ ಎಷ್ಟು ದೊಡ್ಡ ಸರ್ವರ್ ತಂದು ಕೂರಿಸಿದರೂ ಹೋಗದ ಒಂದು ಬಗೆಯ ದೋಷವಿದೆ. ಅದು ಅಡಗಿರುವುದು ಕೋಡಿನಲ್ಲಿ, ಡಿಪೆಂಡೆನ್ಸಿ ಇಂಜೆಕ್ಷನ್ ಜೋಡಿಸಿದ ನಾಲ್ಕಾರು ಸಾಲುಗಳಲ್ಲಿ.

ಹೆಸರು ದೊಡ್ಡದು, ವಿಷಯ ಸರಳ. ಕ್ಲಾಸ್ (ಒಂದು ಕೆಲಸಕ್ಕೆಂದು ಬರೆದ ಕೋಡಿನ ಘಟಕ) ತನಗೆ ಬೇಕಾದ್ದನ್ನು ತಾನೇ ‘ನ್ಯೂ’ ಹಾಕಿ ಸೃಷ್ಟಿಸಿಕೊಳ್ಳುವುದಿಲ್ಲ. ತಾನು ಹುಟ್ಟುವಾಗ ಓಡುವ ಕನ್‌ಸ್ಟ್ರಕ್ಟರಿನಲ್ಲಿ ಕೇಳುತ್ತದೆ, ಇವನ್ನೆಲ್ಲ ಜೋಡಿಸುವ ಕಂಟೇನರ್ ತಂದುಕೊಡುತ್ತದೆ. ಜಾಲತಾಣ ಕಟ್ಟಲು ಬಳಸುವ ಎಎಸ್‌ಪಿ ಡಾಟ್ ನೆಟ್ ಕೋರ್‌ನಲ್ಲಿ 2016ರ ಮೊದಲ ಆವೃತ್ತಿಯಿಂದಲೇ ಈ ಕಂಟೇನರ್ ಇದೆ. ಅದು ತಂದುಕೊಡುವ ಪ್ರತಿಯೊಂದು ಸರ್ವಿಸ್‌ಗೂ ಆಯಸ್ಸು, ಅಂದರೆ ಎಷ್ಟು ಕಾಲ ಇರಬೇಕೆಂದು, ಹೇಳಬೇಕು: ಟ್ರಾನ್ಸಿಯೆಂಟ್ ಎಂದರೆ ಕೇಳಿದಾಗಲೆಲ್ಲ ಹೊಸದು, ಸ್ಕೋಪ್ಡ್ ಎಂದರೆ ಒಂದು ರಿಕ್ವೆಸ್ಟಿಗೆ (ಬಳಕೆದಾರರಿಂದ ಬರುವ ಒಂದು ಕೋರಿಕೆಗೆ) ಒಂದು, ಸಿಂಗಲ್‌ಟನ್ ಎಂದರೆ ಅಪ್ಲಿಕೇಶನ್ ಓಡುವಷ್ಟು ಕಾಲ ಎಲ್ಲರಿಗೂ ಒಂದೇ. ಇಂಟರ್‌ವ್ಯೂನಲ್ಲಿ ಇದು ಬಾಯಿಪಾಠ. ಎಡವುವುದು ಕೆಲಸಕ್ಕೆ ಕೂತಾಗ.

ಡೇಟಾಬೇಸ್ ಜೊತೆ ಮಾತಾಡುವ ಡಿಬಿಕಾಂಟೆಕ್ಸ್ಟ್ ನಾವೇನೂ ಹೇಳದಿದ್ದರೆ ಸ್ಕೋಪ್ಡ್ ಆಗಿರುತ್ತದೆ. ರಾತ್ರಿ ಎಸ್ಸೆಮ್ಮೆಸ್ ಕಳಿಸುವ ಬ್ಯಾಕ್‌ಗ್ರೌಂಡ್ ಸರ್ವಿಸ್ ಸಿಂಗಲ್‌ಟನ್. ಈ ಸರ್ವಿಸಿನ ಕನ್‌ಸ್ಟ್ರಕ್ಟರಿನಲ್ಲಿ ಡಿಬಿಕಾಂಟೆಕ್ಸ್ಟನ್ನು ಕೇಳಿದರೆ ಡೆವಲಪರ್ ಲ್ಯಾಪ್‌ಟಾಪಿನಲ್ಲಿ ಅಪ್ಲಿಕೇಶನ್ ಶುರುವೇ ಆಗುವುದಿಲ್ಲ. ಸಿಂಗಲ್‌ಟನ್ ಒಳಗೆ ಸ್ಕೋಪ್ಡ್ ಸರ್ವಿಸ್ ಬಳಸುವಂತಿಲ್ಲ ಎಂದು ಎರರ್ ಬರುತ್ತದೆ. ಗಡುವು ತಲೆ ಮೇಲಿದ್ದವರು ಆಗ ಡಿಬಿಕಾಂಟೆಕ್ಸ್ಟನ್ನೇ ಸಿಂಗಲ್‌ಟನ್ ಎಂದು ಬದಲಿಸಿಬಿಡುತ್ತಾರೆ. ಎರರ್ ಮಾಯ. ಒಬ್ಬರೇ ಕೂತು ಪರೀಕ್ಷಿಸಿದರೆ ಎಲ್ಲವೂ ಸರಿಯಾಗಿ ಕಾಣುತ್ತದೆ.

ಜನ ಒಟ್ಟಿಗೆ ಬಂದಾಗ ಬಣ್ಣ ಬಯಲಾಗುತ್ತದೆ. ಡಿಬಿಕಾಂಟೆಕ್ಸ್ಟ್ ಏಕಕಾಲಕ್ಕೆ ಎರಡು ಕೆಲಸ ಮಾಡುವಂಥದ್ದಲ್ಲ, ಹಾಗಾಗಿ ಇನ್‌ವ್ಯಾಲಿಡ್ ಆಪರೇಶನ್ ಎಕ್ಸೆಪ್ಶನ್ ಎಂಬ ಎರರ್ ಎಸೆಯುತ್ತದೆ. ಇದಾದರೂ ಕಣ್ಣಿಗೆ ಬೀಳುತ್ತದೆ. ಕಾಣದೆ ಆಗುವುದು ಇನ್ನೂ ಅಪಾಯ. ಒಮ್ಮೆ ಓದಿದ ದಾಖಲೆಯನ್ನು ಡಿಬಿಕಾಂಟೆಕ್ಸ್ಟ್ ನೆನಪಿನಲ್ಲಿ ಇಟ್ಟುಕೊಂಡಿರುತ್ತದೆ. ಬೇರೆ ಸರ್ವರ್ ಮೂಲಕ ಶುಲ್ಕ ಜಮೆಯಾಗಿದ್ದರೂ ಮತ್ತೆ ಕೇಳಿದಾಗ ಹಳೆಯ ‘ಬಾಕಿ ಇದೆ’ ಎಂಬುದನ್ನೇ ತೋರಿಸುತ್ತದೆ. ಒಬ್ಬರ ರಿಕ್ವೆಸ್ಟ್ ಅರ್ಧ ಬದಲಾಯಿಸಿ ನಡುವೆ ನಿಂತುಹೋದರೆ, ಆ ಅರ್ಧಂಬರ್ಧ ಬದಲಾವಣೆ ಮುಂದೆ ಬಂದ ಇನ್ಯಾರದೋ ಸೇವ್‌ಚೇಂಜಸ್ (ಬದಲಾವಣೆ ಉಳಿಸುವ ಆದೇಶ) ಜೊತೆ ಡೇಟಾಬೇಸಿಗೆ ಹೋಗಿ ಕೂರುತ್ತದೆ. ಇಂಥ ತಪ್ಪನ್ನು ಲಾಗ್ ನೋಡಿ ಹುಡುಕುವುದು ಬಹಳ ಕಷ್ಟ.

ಸರಿಯಾದ ದಾರಿ ಉದ್ದವೇನಲ್ಲ. ಡಿಬಿಕಾಂಟೆಕ್ಸ್ಟ್ ಸ್ಕೋಪ್ಡ್ ಆಗಿಯೇ ಇರಲಿ. ಬ್ಯಾಕ್‌ಗ್ರೌಂಡ್ ಸರ್ವಿಸ್ ಕನ್‌ಸ್ಟ್ರಕ್ಟರಿನಲ್ಲಿ ಸ್ಕೋಪ್ (ಸ್ಕೋಪ್ಡ್ ಸರ್ವಿಸ್ ಬದುಕಿರುವ ಅವಧಿ) ತೆರೆದುಕೊಡುವ ಐಸರ್ವಿಸ್‌ಸ್ಕೋಪ್‌ಫ್ಯಾಕ್ಟರಿ ಕೇಳಲಿ. ಪ್ರತಿ ಸುತ್ತಿಗೂ ಒಂದು ಸ್ಕೋಪ್ ತೆರೆದು, ಅದರೊಳಗಿಂದ ಡಿಬಿಕಾಂಟೆಕ್ಸ್ಟ್ ಪಡೆದು, ಕೆಲಸ ಮುಗಿದೊಡನೆ ಸ್ಕೋಪನ್ನು ಡಿಸ್ಪೋಸ್ ಮಾಡಿ ಮುಚ್ಚಲಿ. ಮೂರು ನಾಲ್ಕು ಸಾಲಿನ ಕೆಲಸ.

ಇನ್ನೊಂದು ಮಾತು ಬಹಳ ತಂಡಗಳು ಗಮನಿಸುವುದಿಲ್ಲ. ಆಯಸ್ಸನ್ನು ತಪಾಸಣೆ ಮಾಡುವ ವ್ಯಾಲಿಡೇಟ್‌ಸ್ಕೋಪ್ಸ್, ವ್ಯಾಲಿಡೇಟ್‌ಆನ್‌ಬಿಲ್ಡ್ ಎಂಬ ಎರಡು ಸೆಟ್ಟಿಂಗ್ ತಾವಾಗಿ ಆನ್ ಇರುವುದು, ಅಪ್ಲಿಕೇಶನ್ ಯಾವ ಹಂತದಲ್ಲಿ ಓಡುತ್ತಿದೆ ಎಂದು ಹೇಳುವ ಎನ್ವಿರಾನ್‌ಮೆಂಟ್ ಹೆಸರು ‘ಡೆವಲಪ್‌ಮೆಂಟ್’ ಎಂದಿದ್ದಾಗ ಮಾತ್ರ. ‘ಸ್ಟೇಜಿಂಗ್’ (ಬಿಡುಗಡೆಗೆ ಮುಂಚಿನ ಪರೀಕ್ಷಾ ಹಂತ) ಎಂದು ಕೊಟ್ಟರೆ, ಅಥವಾ ಏನೂ ಕೊಡದೆ ಬಿಟ್ಟರೆ, ಎರಡೂ ಆಫ್. ಪ್ರೋಗ್ರಾಂ ಫೈಲಿನಲ್ಲಿ ಯೂಸ್‌ಡೀಫಾಲ್ಟ್‌ಸರ್ವಿಸ್‌ಪ್ರೊವೈಡರ್ ಮೂಲಕ ಎರಡನ್ನೂ ಟ್ರೂ ಮಾಡಿ, ಕೋಡಿನಿಂದ ತಂತ್ರಾಂಶ ಕಟ್ಟುವ ಬಿಲ್ಡ್ ಸರ್ವರಿನಲ್ಲಿ ಅಪ್ಲಿಕೇಶನ್ ಒಮ್ಮೆ ಏಳಿಸಿ ನೋಡಬೇಕು. ರಿಕ್ವೆಸ್ಟ್‌ಗಳಿಗೆ ಉತ್ತರಿಸುವ ಕಂಟ್ರೋಲರುಗಳೂ ಈ ತಪಾಸಣೆಗೆ ಸಿಗಬೇಕಾದರೆ ಆಡ್‌ಕಂಟ್ರೋಲರ್ಸ್‌ಆಸ್‌ಸರ್ವಿಸಸ್ ಸೇರಿಸಬೇಕು. ಲ್ಯಾಂಬ್ಡಾ (ಹೆಸರಿಲ್ಲದ ಪುಟ್ಟ ಫಂಕ್ಷನ್) ಬರೆದು ಜೋಡಿಸಿದ ಸರ್ವಿಸ್‌ಗಳ ಒಳಗನ್ನು ವ್ಯಾಲಿಡೇಟ್‌ಆನ್‌ಬಿಲ್ಡ್ ನೋಡುವುದಿಲ್ಲ. ಅವನ್ನು ಕೋಡ್ ರಿವ್ಯೂನಲ್ಲಿ ಕಣ್ಣಿಟ್ಟು ಓದಲೇಬೇಕು.

ಜಾವಾ ಕಡೆಯೂ ಇದೇ ಚಾಳಿ. ಎರಡು ಬೀನ್‌ಗಳು (ಅಲ್ಲಿನ ಕಂಟೇನರ್ ಜೋಡಿಸುವ ವಸ್ತುಗಳು) ತಮಗೆ ಇನ್ನೊಂದು ಬೇಕೆಂದು ಒಂದನ್ನೊಂದು ಸುತ್ತಿಕೊಂಡಿದ್ದರೆ, ಜಾವಾದಲ್ಲಿ ಅಪ್ಲಿಕೇಶನ್ ಕಟ್ಟಲು ಬಳಸುವ ಸ್ಪ್ರಿಂಗ್ ಬೂಟ್ 2.6ರಿಂದ ಈಚೆಗೆ ಅಪ್ಲಿಕೇಶನ್ ಏಳುವುದಿಲ್ಲ. ಅದನ್ನು ದಾಟಿಸಲು ಒಂದು ಸೆಟ್ಟಿಂಗ್ ಇದೆ ಎಂದು ಹಾಕಿಬಿಡುತ್ತಾರೆ. ಇಬ್ಬರಿಗೂ ಬೇಕಾದ ಕೆಲಸವನ್ನು ಮೂರನೆಯ ಕ್ಲಾಸಿಗೆ ಒಯ್ದರೆ ಗಂಟು ತಾನಾಗಿ ಬಿಚ್ಚಿಕೊಳ್ಳುತ್ತದೆ.

ಸಾರ್ವಜನಿಕರು ಬಳಸುವ ತಂತ್ರಾಂಶವನ್ನು ಒಪ್ಪಿಕೊಳ್ಳುವ ಅಧಿಕಾರಿಗಳಲ್ಲಿ ನಮ್ಮ ಕೋರಿಕೆ: ಡೆಮೊ ನೋಡಿ ಸಹಿ ಹಾಕಬೇಡಿ. ಎರಡು ಬೇರೆ ಬೇರೆ ಖಾತೆಗಳಿಂದ ಏಕಕಾಲಕ್ಕೆ ನೂರು ನೂರು ರಿಕ್ವೆಸ್ಟ್ ಕಳಿಸಿ, ಒಬ್ಬರ ವಿವರ ಇನ್ನೊಬ್ಬರ ದಾಖಲೆಗೆ ತಾಗಿಲ್ಲವೆಂದು ತೋರಿಸುವ ವರದಿಯನ್ನು ಮೊದಲು ಕೇಳಿ ಪಡೆಯಿರಿ.

– ತಂತ್ರಾಂಶ ಎಂಜಿನಿಯರುಗಳು, ಬೆಂಗಳೂರು