ವಿನ್ಯಾಸ ಯಂತ್ರ ಮಾಡಲಿ, ರಿಂಗು ನೋಡುವವರು ಯಾರು?

ಮಾನ್ಯ ಸಂಪಾದಕರೇ,

ಭೂಕಂಪ ತಾಳುವ ಕಟ್ಟಡಗಳ ವಿನ್ಯಾಸವನ್ನು ಕೃತಕ ಬುದ್ಧಿಮತ್ತೆಗೆ ಒಪ್ಪಿಸಿದರೆ ವಾರಗಟ್ಟಲೆಯ ಲೆಕ್ಕ ನಿಮಿಷಗಳಲ್ಲಿ ಮುಗಿಯುತ್ತದೆ ಎಂಬ ಮಾತು ಈಗ ಮನೆ ಕಟ್ಟಿಸುವವರ ಬಾಯಲ್ಲೂ ಕೇಳಿಬರುತ್ತಿದೆ. ಅದು ಪೂರ್ತಿ ಪೊಳ್ಳಲ್ಲ. ಬೀಜಿಂಗ್‌ನ ಸಿಂಗ್ಹುವಾ ವಿಶ್ವವಿದ್ಯಾಲಯದ ಸಂಶೋಧಕರು, ನಕ್ಷೆಯನ್ನು ಓದಿ ಕಾಂಕ್ರೀಟ್ ಗೋಡೆಗಳು ಎಲ್ಲೆಲ್ಲಿ ಬರಬೇಕೆಂದು ತಾನೇ ಗುರುತಿಸುವ ತಂತ್ರಾಂಶವನ್ನು ರೂಪಿಸಿದ್ದಾರೆ. ಆದರೆ ಅದು ಕಲಿತದ್ದು ಅಲ್ಲಿನ ವಸತಿ ಕಟ್ಟಡಗಳಿಂದ. ನಮ್ಮ ವಿಜಯಪುರದಲ್ಲಿ ಏಳುತ್ತಿರುವುದು ಕಾಲಂ ನಿಲ್ಲಿಸಿ ನಡುವೆ ಇಟ್ಟಿಗೆ ತುಂಬಿದ, ಪಾರ್ಕಿಂಗ್‌ಗೆಂದು ಕೆಳಗಿನ ಗೋಡೆಯನ್ನೇ ಬಿಟ್ಟ ಮೂರ್ನಾಲ್ಕು ಅಂತಸ್ತಿನ ಕಟ್ಟಡಗಳು. 2001ರ ಭುಜ್ ಭೂಕಂಪದಲ್ಲಿ, ಕೇಂದ್ರದಿಂದ 200 ಕಿ.ಮೀ.ಗೂ ಆಚೆಯ ಅಹಮದಾಬಾದಿನಲ್ಲಿ ಕುಸಿದವುಗಳಲ್ಲಿ ಹೆಚ್ಚಿನವು ಇಂಥವೇ.

‘ನಮ್ಮ ಕಡೆ ಎಲ್ಲಿ ಭೂಕಂಪ ಆಗ್ತದ್ರೀ’ ಎಂದು ಕೇಳುವ ಮಾಲೀಕರಿಗೆ ಕೊರತೆಯಿಲ್ಲ. 1993ರ ಭೂಕಂಪದಲ್ಲಿ ಸುಮಾರು ಹತ್ತು ಸಾವಿರ ಜನ ಬಲಿಯಾದ ಮಹಾರಾಷ್ಟ್ರದ ಕಿಲ್ಲಾರಿ ಪ್ರದೇಶ, ಅಂದಿನ ಭೂಕಂಪ ನಕ್ಷೆಯಲ್ಲಿ ಎಲ್ಲಕ್ಕಿಂತ ಸುರಕ್ಷಿತವೆಂದು ಗುರುತಿಸಿದ ಒಂದನೇ ವಲಯದಲ್ಲಿತ್ತು. ಕಟ್ಟಡಗಳ ಭೂಕಂಪ ವಿನ್ಯಾಸಕ್ಕೆಂದು ಇರುವ ಭಾರತೀಯ ಮಾನಕ, 2016ರ ಐಎಸ್ 1893 ಸಂಹಿತೆಯಲ್ಲಿ ವಿಜಯಪುರ, ಬೆಳಗಾವಿ ಎರಡೂ ಮೂರನೇ ವಲಯದಲ್ಲಿವೆ. 2021ರಿಂದೀಚೆಗೆ ನಮ್ಮ ಜಿಲ್ಲೆಯಲ್ಲಿ ಸಣ್ಣ ಕಂಪನಗಳು ಮತ್ತೆ ಮತ್ತೆ ದಾಖಲಾಗಿವೆ.

ಲೆಕ್ಕ ಮಾಡಲು ಇಟ್ಯಾಬ್ಸ್, ಸ್ಟಾಡ್‌ನಂಥ ತಂತ್ರಾಂಶಗಳು ಬಹಳ ಹಿಂದೆಯೇ ಬಂದಿವೆ, ಹಾಗಾಗಿ ನಮ್ಮ ತೊಡಕು ಲೆಕ್ಕದ್ದಲ್ಲ. ತಂತ್ರಾಂಶ ಮಣ್ಣಿನ ಬಗೆ ಕೇಳಿದಾಗ ಗುಂಡಿ ತೋಡಿ ಪರೀಕ್ಷಿಸದೆ ‘ಮಧ್ಯಮ’ ಎಂದು ಒತ್ತಿ ಮುಂದೆ ಹೋಗುವ ರೂಢಿ ಇದೆ. ಎರೆಮಣ್ಣಿನ ಮೇಲೆ ನಿಂತ ಕಟ್ಟಡಕ್ಕೂ ಗರಸಿನ ಮೇಲಿನದಕ್ಕೂ ಒಂದೇ ಉತ್ತರ. ಕೊಟ್ಟ ಮಾಹಿತಿಯೇ ಅಂದಾಜಾದರೆ, ಯಂತ್ರ ಎಷ್ಟೇ ಜಾಣವಾಗಿದ್ದರೂ ಅದರ ಉತ್ತರವೂ ಅಂದಾಜೇ.

ಇನ್ನು ಸೈಟಿನ ಮಾತು. ಕಾಲಂನ ಉದ್ದದ ಸರಳುಗಳನ್ನು ಸುತ್ತಿ ಹಿಡಿಯುವ ರಿಂಗಿನ ಕೊಕ್ಕೆ 135 ಡಿಗ್ರಿ ಬಾಗಿ ಒಳಗೆ ಹೋಗಬೇಕು, ಅದರ ಬಾಲ, ಅಂದರೆ ಬಾಗಿನ ಆಚೆಗಿನ ನೇರ ತುದಿ, ಕನಿಷ್ಠ 65 ಮಿ.ಮೀ. ಇರಬೇಕು ಎಂದು ಭೂಕಂಪ ತಾಳಲು ಸರಳು ಕಟ್ಟುವ ಬಗೆಯನ್ನು ಹೇಳುವ ಸಂಹಿತೆ ಐಎಸ್ 13920 ಹೇಳುತ್ತದೆ. ಬೇಗ ಆಗುತ್ತದೆಂದು 90 ಡಿಗ್ರಿಗೇ ಬಗ್ಗಿಸಿ ಬಿಡುವುದನ್ನು ಯಾವ ಬಡಾವಣೆಯಲ್ಲಿ ಬೇಕಾದರೂ ನೋಡಬಹುದು. ನೆಲ ಅಲುಗಾಡಿ ಹೊರಗಿನ ಕಾಂಕ್ರೀಟ್ ಉದುರಿದ ಮೇಲೆ ಅಂಥ ರಿಂಗು ಬಿಚ್ಚಿಕೊಳ್ಳುತ್ತದೆ, ಸರಳುಗಳು ಹೊರಕ್ಕೆ ಬಾಗುತ್ತವೆ, ಕಾಲಂ ಕುಸಿಯುತ್ತದೆ. ನಕ್ಷೆಯಲ್ಲಿ ಎಲ್ಲವೂ ಸರಿಯಾಗಿಯೇ ಇರುತ್ತದೆ. ಇದರಲ್ಲಿ ಬಾರ್ ಬೆಂಡಿಂಗ್‌ನವರನ್ನು ದೂರಿ ಫಲವಿಲ್ಲ, ಏಕೆ ಹಾಗೆ ಬಗ್ಗಿಸಬೇಕೆಂದು ಅವರಿಗೆ ತಿಳಿಸಿ ಹೇಳಿದವರೇ ಕಡಿಮೆ.

ಆದ್ದರಿಂದ ಈ ತಂತ್ರಜ್ಞಾನವನ್ನು ಮೊದಲು ತಪಾಸಣೆಗೆ ಹಚ್ಚಬೇಕೆಂಬುದು ನನ್ನ ವಿನಂತಿ. ಕಟ್ಟಡ ಪರವಾನಗಿಗೆ ಬರುವ ನಕ್ಷೆಗಳಲ್ಲಿ ಕೆಳ ಅಂತಸ್ತು ತೆರೆದಿದೆಯೇ, ಮೇಲಿನ ಕಾಲಂ ಬೀಮಿನ ಮೇಲೆ ನಿಂತಿದೆಯೇ, ಮಣ್ಣಿನ ವರದಿ ಲಗತ್ತಾಗಿದೆಯೇ ಎಂಬುದನ್ನು ಯಂತ್ರ ಸೋಸಿ ಕೊಟ್ಟರೆ, ಸಿಬ್ಬಂದಿ ಕೊರತೆಯ ಸ್ಥಳೀಯ ಸಂಸ್ಥೆಗಳಿಗೆ ದೊಡ್ಡ ಉಪಕಾರವಾದೀತು. ಕಾಂಕ್ರೀಟ್ ಸುರಿಯುವ ಮುನ್ನ ತೆಗೆದ ಫೋಟೊಗಳಿಂದ ರಿಂಗುಗಳ ಅಂತರವನ್ನೂ ಅದು ಅಳೆಯಬಲ್ಲದು. ಕೊಕ್ಕೆಯನ್ನು ಮಾತ್ರ ಎಂಜಿನಿಯರ್ ಹೋಗಿ ಕಣ್ಣಾರೆ ನೋಡಬೇಕು. ವಿನ್ಯಾಸ ಯಂತ್ರದ್ದೇ ಆದರೂ ಸಹಿ ಹಾಕಿದವರೇ ಅದಕ್ಕೆ ಹೊಣೆ ಎಂಬುದನ್ನು ಪರವಾನಗಿಯ ಷರತ್ತಿನಲ್ಲಿಯೇ ಬರೆಯಬೇಕು.

— ಒಬ್ಬ ಸ್ಟ್ರಕ್ಚರಲ್ ಎಂಜಿನಿಯರ್, ವಿಜಯಪುರ