ಮುಂದಿನ ವರ್ಷವೂ ಇದೇ ದೂರ

ಮಂಡ್ಯ

ಚಿರಂಜೀವಿ ಪುಟ್ಟಿಗೆ ನಿನ್ನ ದೊಡ್ಡಮ್ಮನ ಆಶೀರ್ವಾದಗಳು. ನಾವೆಲ್ಲ ಇಲ್ಲಿ ಕ್ಷೇಮ.

ನೀನು ಟ್ರಯಥ್ಲಾನ್ ಮುಗಿಸಿದ ಸುದ್ದಿ ಕೇಳಿ ನನಗಾದ ಸಂತೋಷವನ್ನು ಫೋನಿನಲ್ಲಿ ಸರಿಯಾಗಿ ಹೇಳಲಾಗಲಿಲ್ಲ. 750 ಮೀಟರ್ ಈಜು, ಅದರ ಬೆನ್ನಿಗೆ 20 ಕಿ.ಮೀ. ಸೈಕಲ್, ಅದರ ಬೆನ್ನಿಗೆ 5 ಕಿ.ಮೀ. ಓಟ! ಈಜುಕೊಳದ ಅಂಚು ಬಿಡಲು ಹೆದರುತ್ತಿದ್ದ ಹುಡುಗಿ ತಿಂಗಳುಗಟ್ಟಲೆ ಬೆಳಗಿನ ನಿದ್ದೆ ಬಿಟ್ಟು ಇದನ್ನು ಸಾಧಿಸಿದ್ದಾಳೆ ಎಂದು ಬೀದಿಯವರಿಗೆಲ್ಲ ಹೇಳಿಕೊಂಡು ಬಂದೆ. ಆದರೆ ಮೈನೋವು ಇಳಿಯುವ ಮೊದಲೇ ನೀನು ಇದರ ಎರಡರಷ್ಟಿರುವ ಒಲಿಂಪಿಕ್ ದೂರಕ್ಕೆ ಹೆಸರು ಕೊಡುವ ಮಾತೆತ್ತಿದೆ. ಅದಕ್ಕೇ ಈ ಪತ್ರ. ಈಗಲೇ ಕೊಡಬೇಡ. ಮುಂದಿನ ವರ್ಷವೂ ಇದೇ ದೂರವನ್ನು ಮಾಡು.

ಈಜಿನ ನಡುವೆ ಉಸಿರು ಕಟ್ಟಿದಂತಾಗಿ ಕಪ್ಪೆಯಂತೆ ಈಜುವ ಬ್ರೆಸ್ಟ್‌ಸ್ಟ್ರೋಕ್‌ಗೆ ಇಳಿದೆ, ಒಮ್ಮೆ ರಕ್ಷಣಾ ದೋಣಿಯನ್ನೂ ಹಿಡಿದುಕೊಂಡೆ ಎಂದು ದನಿ ತಗ್ಗಿಸಿ ಹೇಳಿದೆಯಲ್ಲ, ಅದರಲ್ಲಿ ನಾಚಿಕೆಪಡುವಂಥದ್ದು ಏನೂ ಇಲ್ಲ. ಟ್ರಯಥ್ಲಾನ್‌ನಲ್ಲಿ ಯಾವ ಬಗೆಯಲ್ಲಾದರೂ ಈಜಬಹುದು. ದೋಣಿ ಹಿಡಿದು ಸುಧಾರಿಸಿಕೊಳ್ಳಬಹುದು, ಅದರ ಆಸರೆಯಲ್ಲಿ ಮುಂದಕ್ಕೆ ಸಾಗಬಾರದು ಅಷ್ಟೇ. ಮೈಸೂರಿನ ಸರಸ್ವತಿಪುರಂನ ಈಜುಕೊಳದಲ್ಲಿ ನಿನಗೆ ತಳದ ಗೆರೆ ದಾರಿ ತೋರಿಸುತ್ತಿತ್ತು, ದಣಿದಾಗ ಗೋಡೆ ಸಿಗುತ್ತಿತ್ತು. ಕೆರೆಯಲ್ಲಿ ಗೆರೆಯೂ ಇಲ್ಲ, ಗೋಡೆಯೂ ಇಲ್ಲ. ಪಕ್ಕದವರ ಕೈ ಬಂದು ಮುಖಕ್ಕೆ ಬಡಿಯುತ್ತದೆ. ಗಾಬರಿಯಾದಾಗ ಯಾರೇ ಆಗಲಿ ಉಸಿರನ್ನು ಬಿಗಿಹಿಡಿಯುತ್ತಾರೆ. ಹೊರಗೆ ಹೋಗಬೇಕಾದ ಇಂಗಾಲದ ಡೈಆಕ್ಸೈಡ್ ಒಳಗೇ ಉಳಿದು, ಗಾಳಿ ಸಾಲದು ಎಂಬ ಸಂಕಟ ಇನ್ನಷ್ಟು ಹೆಚ್ಚುತ್ತದೆ. ಆದ್ದರಿಂದ ಈ ವರ್ಷ ವೇಗದ ಗೊಡವೆಗೆ ಹೋಗದೆ ಇದೊಂದನ್ನು ರೂಢಿಸಿಕೋ: ಮುಖ ನೀರಿನಲ್ಲಿರುವಷ್ಟು ಹೊತ್ತು ಉಸಿರನ್ನು ಸಣ್ಣಗೆ ಬಿಡುತ್ತಲೇ ಇರು. ಆಗಾಗ ಕಣ್ಣಷ್ಟೇ ನೀರಿನಿಂದ ಮೇಲೆತ್ತಿ ಗುರುತು ನೋಡಿಕೊಳ್ಳುವುದನ್ನೂ ಕಲಿ. ಮೂರು ಆಟಗಳಲ್ಲಿ ಈಜನ್ನು ಮೊದಲಿಗಿಟ್ಟಿರುವುದು ದಣಿದ ಮೈ ನೀರಿಗಿಳಿಯಬಾರದು ಎಂದು. ಅಂಥ ನೀರಿನಲ್ಲಿ ಇನ್ನೂ ಗಾಬರಿಯಾಗುವವಳು ಅದರ ಎರಡರಷ್ಟು ದೂರಕ್ಕೆ ಇಳಿಯುವ ಅವಸರ ಏನಿದೆ?

ತೆರೆದ ನೀರಿನ ಅಭ್ಯಾಸ ಬೇಕೆಂದು, ಇಲ್ಲಿಗೆ ಬಂದಾಗ ವಿಶ್ವೇಶ್ವರಯ್ಯ ನಾಲೆಗೆ ಮಾತ್ರ ಇಳಿಯಬೇಡ. ಮೇಲೆ ಶಾಂತವಾಗಿ ಕಂಡರೂ ಸೆಳೆತ ಜೋರು, ಕಾಂಕ್ರೀಟ್ ಇಳಿಜಾರಿನಲ್ಲಿ ಪಾಚಿ ಕಟ್ಟಿರುತ್ತದೆ, ಹತ್ತಿ ಬರಲು ಹಿಡಿಗೆ ಏನೂ ಸಿಗುವುದಿಲ್ಲ. ಈಜು ಚೆನ್ನಾಗಿ ಬಲ್ಲವರನ್ನೇ ಅದು ತೆಗೆದುಕೊಂಡಿದೆ. ಶ್ರೀರಂಗಪಟ್ಟಣದ ಹೊಳೆಯಲ್ಲೂ ಬಂಡೆಗಳ ನಡುವೆ ಸುಳಿಗಳಿವೆ. ತರಬೇತುದಾರರೂ ದೋಣಿಯೂ ಇರುವ ಕಡೆ ಮಾತ್ರ ಈಜು. ಈ ಮಾತನ್ನು ನೀನು ಕೇಳಲೇಬೇಕು.

ನಿನ್ನ ತಮ್ಮ ಕಳಿಸಿದ ವಿಡಿಯೊವನ್ನು ಎಷ್ಟು ಸಲ ನೋಡಿದೆನೋ. ಈಜಿನಿಂದ ಎದ್ದು ಓಡಿ ಬರುತ್ತೀಯ, ತೋಳಿನ ಮೇಲೆ ಬರೆದ ಸಂಖ್ಯೆ ಅರ್ಧ ಅಳಿಸಿದೆ, ಒದ್ದೆ ಬೆರಳಿಗೆ ಹೆಲ್ಮೆಟ್ಟಿನ ಬಕಲ್ ಸಿಗುತ್ತಿಲ್ಲ. ಪಕ್ಕದ ಇಬ್ಬರು ಸೈಕಲ್ ಎಳೆದುಕೊಂಡು ಹೊರಟೇ ಹೋದರು. ನೀನು ಕೈಯನ್ನು ಟವೆಲಿಗೆ ಒರೆಸಿಕೊಂಡು, ಬಕಲ್ ಬಿಗಿದು, ಒಮ್ಮೆ ಎಳೆದು ನೋಡಿ, ಆಮೇಲೆ ಸೈಕಲ್ ಮುಟ್ಟಿದೆ. ನಿಯಮ ಇರುವುದೂ ಹಾಗೆಯೇ: ಬಕಲ್ ಬೀಳದೆ ಸೈಕಲ್ ತೆಗೆಯುವಂತಿಲ್ಲ, ಸೈಕಲ್ ಮರಳಿ ಸ್ಟ್ಯಾಂಡಿಗೆ ಇಡದೆ ಬಕಲ್ ಬಿಚ್ಚುವಂತಿಲ್ಲ. ಆದರೆ ಅಷ್ಟು ಗದ್ದಲದಲ್ಲಿ ಆ ತಾಳ್ಮೆ ಬರುವುದು ಸುಲಭವಲ್ಲ. ಹೆಣ್ಣುಮಕ್ಕಳಿಗೆ ಆಟ ಕಲಿಸಿ ನಿವೃತ್ತಳಾದವಳು ನಾನು. ಪದಕ ಗೆದ್ದವರಲ್ಲೂ ಎಲ್ಲರಿಗೂ ಅದು ಇರಲಿಲ್ಲ.

ಸೈಕಲ್ ಇಳಿದು ಓಡತೊಡಗಿದಾಗ ಕಾಲು ಮರಗಟ್ಟಿದಂತಾಯಿತು ಎಂದೆ. ಅದು ಎಲ್ಲರಿಗೂ ಆಗುತ್ತದೆ. ಅಷ್ಟು ಹೊತ್ತು ಕುಳಿತು ಪೆಡಲ್ ತುಳಿದ ಕಾಲು ಇದ್ದಕ್ಕಿದ್ದಂತೆ ಮೈಭಾರ ಹೊತ್ತು ಓಡಬೇಕಲ್ಲ. ವಾರಕ್ಕೊಮ್ಮೆ ಸೈಕಲ್ ಇಳಿದ ಕೂಡಲೇ ಕುಕ್ಕರಹಳ್ಳಿ ಕೆರೆ ಏರಿಯ ಮೇಲೆ ಹತ್ತು ನಿಮಿಷ ಓಡು, ಕಾಲಿಗೆ ಅಭ್ಯಾಸವಾಗುತ್ತದೆ.

ನಾನು ಹೆಚ್ಚು ಅಂಜುವುದು ನಿನ್ನ ಹಿಮ್ಮಡಿ, ಮೊಣಕಾಲುಗಳ ಬಗ್ಗೆ. ಅಭ್ಯಾಸ ಶುರುಮಾಡಿದ ಕೆಲವೇ ವಾರಗಳಲ್ಲಿ ಹೃದಯ, ಶ್ವಾಸಕೋಶ ಚುರುಕಾಗುತ್ತವೆ. ಸ್ನಾಯುವನ್ನು ಮೂಳೆಗೆ ಬಿಗಿಯುವ ಸ್ನಾಯುರಜ್ಜುಗಳೂ ಮೂಳೆಗಳೂ ಗಟ್ಟಿಯಾಗಲು ತಿಂಗಳುಗಳೇ ಬೇಕು. ಉಸಿರು ಸಾಕಷ್ಟಿದೆ ಎಂದು ದೂರ ಏರಿಸುತ್ತ ಹೋದವರಿಗೆ ಪೆಟ್ಟು ಬೀಳುವುದು ಅಲ್ಲಿಯೇ. ತಾಲ್ಲೂಕು ಮಟ್ಟದಲ್ಲಿ 800 ಮೀಟರ್ ಗೆದ್ದ ಉತ್ಸಾಹದಲ್ಲಿ ಒಂದೇ ಸಲಕ್ಕೆ 3000 ಮೀಟರ್‌ಗೆ ಹಾರಿದ ಹುಡುಗಿಯರು ಮೊಣಕಾಲ ಕೆಳಗಿನ ಮೂಳೆ ನೋವೆಂದು ಇಡೀ ವರ್ಷ ಮೈದಾನದ ಅಂಚಿನಲ್ಲಿ ಕುಳಿತದ್ದನ್ನು ನೋಡಿದ್ದೇನೆ. ಒಲಿಂಪಿಕ್ ದೂರವೆಂದರೆ 1.5 ಕಿ.ಮೀ. ಈಜು, 40 ಕಿ.ಮೀ. ಸೈಕಲ್, 10 ಕಿ.ಮೀ. ಓಟ. ನೀನು ಮಾಡಿದ್ದರ ಸರಿಯಾಗಿ ಎರಡರಷ್ಟು. 2000ದ ಸಿಡ್ನಿ ಒಲಿಂಪಿಕ್ಸ್‌ನಿಂದ ಲೋಕದ ಶ್ರೇಷ್ಠರು ಪೈಪೋಟಿ ನಡೆಸುತ್ತಿರುವ ದೂರ ಎಂಬ ಆಸೆ ನಿನಗೆ. ಅದೇ ಒಲಿಂಪಿಕ್ಸ್‌ನಲ್ಲಿ ಈಗ ಮಿಶ್ರ ರಿಲೆಯೂ ಇದೆ. ಅದರಲ್ಲಿ ಒಬ್ಬೊಬ್ಬರು ಈಜುವುದು 300 ಮೀಟರ್, ಸೈಕಲ್ 7 ಕಿ.ಮೀ.ಗಿಂತ ಕಡಿಮೆ, ಓಟ 2 ಕಿ.ಮೀ. ಆಸುಪಾಸು. ಚಿಕ್ಕ ದೂರವನ್ನು ಯಾರೂ ಕೀಳೆಂದು ಕಾಣುವುದಿಲ್ಲ, ನೀನೂ ಕಾಣಬೇಡ.

ಇನ್ನೊಂದು ವಿಷಯ. ತೂಕ ಇಳಿಸಲೆಂದು ರಾತ್ರಿಯೂಟ ಬಿಟ್ಟಿದ್ದೀಯಂತೆ, ನಿನ್ನ ಅಮ್ಮ ಹೇಳಿ ಕಣ್ಣೀರು ಹಾಕಿದಳು. ಇಷ್ಟು ದುಡಿಸಿದ ಮೈಗೆ ಅನ್ನ ಕೊಡದಿದ್ದರೆ ಮೊದಲು ಏರುಪೇರಾಗುವುದು ತಿಂಗಳ ಮುಟ್ಟು. ಹಾಗೆ ಮುಟ್ಟು ನಿಂತರೆ ಮೈ ಹುರಿಗೊಂಡಿದೆ ಎಂದು ಕೆಲವರು ಭಾವಿಸುತ್ತಾರೆ. ಅದು ಪೂರಾ ತಪ್ಪು. ಊಟ ಸಾಲುತ್ತಿಲ್ಲ, ಮೂಳೆ ಸವೆಯುತ್ತಿದೆ ಎಂಬುದರ ಸೂಚನೆ ಅದು. ಎರಡು ಮೂರು ತಿಂಗಳು ತಪ್ಪಿದರೆ ಸಂಕೋಚಪಡದೆ ವೈದ್ಯರ ಬಳಿಗೆ ಹೋಗು. ಹಿಮೋಗ್ಲೋಬಿನ್ ಪರೀಕ್ಷೆಯನ್ನೂ ಮಾಡಿಸು, 12 ಗ್ರಾಂಗಿಂತ ಕೆಳಗಿದ್ದರೆ ರಕ್ತಹೀನತೆ ಎಂದೇ ಲೆಕ್ಕ. ಮುದ್ದೆ, ಬಸ್ಸಾರು, ಹುರುಳಿಕಾಳು, ಮೊಟ್ಟೆ ಹೊಟ್ಟೆ ತುಂಬ ತಿನ್ನು.

ಸೈಕಲ್ ಅಭ್ಯಾಸಕ್ಕೆ ಚಾಮುಂಡಿ ಬೆಟ್ಟದ ರಸ್ತೆ ಒಳ್ಳೆಯದು, ಇಳಿಯುವಾಗ ತಿರುವಿಗೆ ಮುಂಚೆಯೇ ಬ್ರೇಕ್ ಹಿಡಿ. ಬೆಂಗಳೂರು ಹೆದ್ದಾರಿಯ ಮುಖ್ಯ ಪಥಕ್ಕೆ 2023ರ ಆಗಸ್ಟ್‌ನಿಂದ ಬೈಕುಗಳನ್ನೇ ಬಿಡುತ್ತಿಲ್ಲ, ಸೈಕಲ್ಲನ್ನಂತೂ ಕೇಳುವುದೇ ಬೇಡ. ಕಬ್ಬು ಅರೆಯುವ ಕಾಲದಲ್ಲಿ ನಮ್ಮ ಕಡೆಯ ರಸ್ತೆಗಳಲ್ಲೂ ನಸುಕಿಗೆ ಬರಬೇಡ. ಹಿಂದೆ ದೀಪವಿಲ್ಲದ ಟ್ರಾಕ್ಟರುಗಳು ಕಬ್ಬು ಹೇರಿಕೊಂಡು ನಿಂತಿರುತ್ತವೆ.

ಈ ವಾರವಿಡೀ ನಿದ್ದೆ ಮಾಡು, ಬೇಕಾದರೆ ಸಂಜೆ ಸ್ವಲ್ಪ ನಡೆ. ರಕ್ತ ಪರೀಕ್ಷೆಯ ವರದಿ ಬಂದ ಕೂಡಲೇ ನನಗೆ ಫೋನ್ ಮಾಡು. ಮುಂದಿನ ವರ್ಷ ಇದೇ ದೂರಕ್ಕೆ ಹೆಸರು ಕೊಟ್ಟರೆ ಅದರ ಶುಲ್ಕ ನನ್ನದು, ಮತ್ತು ಆವತ್ತು ನಾನೇ ಬಂದು ದಡದಲ್ಲಿ ನಿಲ್ಲುತ್ತೇನೆ.

ಇಂತಿ ನಿನ್ನ
ದೊಡ್ಡಮ್ಮ