ಪಿಎಸ್‌ಎ ಬಗ್ಗೆ, ನಮ್ಮ ವಾಕಿಂಗ್ ಗುಂಪಿನವರಿಗೆ

ಎಲ್ಲರಿಗೂ ನಮಸ್ಕಾರ. ಇವತ್ತು ಬೆಳಗ್ಗೆ ಕುಕ್ಕರಹಳ್ಳಿ ಕೆರೆ ಏರಿ ಮೇಲೆ ನಮ್ಮವರೊಬ್ಬರು ನಾಲ್ಕು ಮಡಿಕೆ ಮಾಡಿದ ಲ್ಯಾಬ್ ರಿಪೋರ್ಟನ್ನು ಜೇಬಿನಿಂದ ತೆಗೆದು, ಈ ಪಿಎಸ್‌ಎ ಅಂದ್ರೆ ಏನು ಅಂತ ಕೇಳಿದರು. ಅಲ್ಲಿ ಅರ್ಧ ಹೇಳಿದ್ದೆ, ಉಳಿದದ್ದು ಇಲ್ಲಿ.

ಪಿಎಸ್‌ಎ (ಪ್ರಾಸ್ಟೇಟ್ ಸ್ಪೆಸಿಫಿಕ್ ಆಂಟಿಜೆನ್, ರಕ್ತ ಪರೀಕ್ಷೆಯಲ್ಲಿ ಅಳೆಯುತ್ತಾರೆ) ಒಂದು ಎಂಜೈಮ್, ಪ್ರೋಟೀನ್ ಕತ್ತರಿಸುವ ಕತ್ತರಿ ಅನ್ನಿ. ಗಂಡಸರ ಮೂತ್ರಕೋಶದ ಕೆಳಗಿರುವ ಪ್ರಾಸ್ಟೇಟ್ ಗ್ರಂಥಿಯಲ್ಲಿ ಹುಟ್ಟುತ್ತದೆ. ವೀರ್ಯವನ್ನು ತೆಳುವಾಗಿಸುವುದು ಅದರ ಕೆಲಸ. ಆದರೆ ಅದು ವಿಇಜಿಎಫ್-ಸಿ ಅನ್ನೋ, ನಾಳಗಳನ್ನು ಬೆಳೆಸುವ ಇನ್ನೊಂದು ಪ್ರೋಟೀನನ್ನೂ ಎಬ್ಬಿಸಬಲ್ಲದು ಅಂತ 2019ರಲ್ಲಿ ಹೆಲ್ಸಿಂಕಿಯ ಸಂಶೋಧಕರು ತೋರಿಸಿದರು. ಕಬ್ಬು ತಿನ್ನುವಾಗ ಮೊದಲು ಸಿಪ್ಪೆ ಸುಲೀತೀವಲ್ವಾ, ಹಾಗೇ ಈ ವಿಇಜಿಎಫ್-ಸಿ ಪ್ರೋಟೀನಿಗೂ ಹುಟ್ಟುವಾಗಲೇ ಒಂದು ಹೊದಿಕೆ ಇರುತ್ತದೆ, ಎಂಜೈಮ್ ಅದನ್ನು ಕತ್ತರಿಸಿದ ಮೇಲೇ ಅದು ದುಗ್ಧರಸ ನಾಳಗಳನ್ನು ಬೆಳೆಸುತ್ತದೆ, ಕ್ಯಾನ್ಸರ್ ಕೋಶಗಳು ಬೇರೆ ಕಡೆ ಹರಡುವ ಒಂದು ದಾರಿ ಈ ನಾಳಗಳೇ.

ಇದನ್ನು ಓದಿ ಗಾಬರಿ ಬೀಳಬೇಡಿ, ಪಿಎಸ್‌ಎ ಜಾಸ್ತಿ ಇದ್ದ ಮಾತ್ರಕ್ಕೆ ಕ್ಯಾನ್ಸರ್ ಅಂತ ಅಲ್ಲ. ವಯಸ್ಸಾದಂತೆ ಪ್ರಾಸ್ಟೇಟ್ ದಪ್ಪ ಆದರೂ, ಸೋಂಕು ಬಂದರೂ ಪಿಎಸ್‌ಎ ಜಾಸ್ತಿ ಆಗುತ್ತದೆ. ಸುಮ್ನೆ ಫಾರ್ವರ್ಡ್ ಬಂದ ಪುಡಿ, ಕಷಾಯ ತಗೋಬೇಡಿ, ಮೂತ್ರರೋಗ ತಜ್ಞರಿಗೆ ರಿಪೋರ್ಟ್ ತೋರಿಸಿ. ಜೊತೆಗೆ ಬರೋರು ಯಾರೂ ಇಲ್ಲ ಅಂದ್ರೆ ನಾನು ಬರುತ್ತೇನೆ, ಹಿಂದಿನ ದಿನ ಒಂದು ಫೋನ್ ಮಾಡಿ.